ಮಾವನ ಪಿಕಪ್ಪು, ಕಪ್ಪಾಗದ ಆಯಿಲ್

ಸತ್ತವರ ಗಾಡಿ ಓಡಿಸುವುದಕ್ಕೆ ಗುಂಡಿಗೆ ಬೇಕು ಸ್ವಾಮಿ. ನನ್ನ ಮಾವನವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರ ಹಳೆಯ ಪಿಕಪ್ಪು ಅಂದಿನಿಂದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ಅವರು ಕೂತು ಕೂತು ಸೀಟಿನಲ್ಲಿ ಆದ ಗುಳಿ ಹಾಗೇ ಇದೆ. ನಾನು ಕೂತರೆ ಅವರ ತೊಡೆಯ ಮೇಲೇ ಕೂತಂತಾಗುತ್ತದೆ. (ಇದನ್ನು ನನ್ನ ಹೆಂಡತಿಗೆ ಹೇಳಿಲ್ಲ. ನೀವೂ ಹೇಳಬೇಡಿ.)

ಅದಕ್ಕಿಂತ ವಿಚಿತ್ರವಾದದ್ದು ಅದರ ಆಯಿಲ್. ಆಗಾಗ ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡುತ್ತೇನೆ. ಇನ್ನೇನು ಕಪ್ಪಾಯಿತು ಅನ್ನುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಮತ್ತೆ ತಿಳಿಯಾಗಿರುತ್ತದೆ. ನಾನಂತೂ ಒಂದು ಹನಿಯನ್ನೂ ಬದಲಾಯಿಸಿದವನಲ್ಲ. ಮೊದಮೊದಲು ಬೆನ್ನುಹುರಿಯಲ್ಲಿ ಚಳಿ ಹರಿಯುತ್ತಿತ್ತು. ಆಮೇಲೆ ಇದು ನನ್ನ ಅಮೃತಹಸ್ತದ ಮಹಿಮೆಯೆಂದು ತೀರ್ಮಾನಿಸಿ, ಸಿಕ್ಕಸಿಕ್ಕವರೆದುರು ಕೊಚ್ಚಿಕೊಳ್ಳತೊಡಗಿದೆ.

ಮೊನ್ನೆ ಭಾವಮೈದನ ಫೋನು ಬಂತು. ಗಾಡಿಯನ್ನು ನೋಡಿಕೊಳ್ಳಲು ಗೊತ್ತಿರುವವರ ಹತ್ತಿರವೇ ಅದು ಇರಬೇಕೆಂದು ಮಾವ ಹೇಳಿ ಹೋಗಿದ್ದರಂತೆ. ನಾಡಿದ್ದು ಬಂದು ಪರೀಕ್ಷೆ ಮಾಡುತ್ತಾನಂತೆ, ಸರಿ ಕಾಣದಿದ್ದರೆ ಒಯ್ಯುತ್ತಾನಂತೆ. ನನ್ನವಳ ಮುಖ ಬಾಡಿತು. "ಅಪ್ಪಂದು ಅಂತ ಉಳಿದಿರೋದು ಅದೊಂದೇ ರೀ" ಅಂದಳು. ಅಷ್ಟು ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ಗಾಡಿಯನ್ನು ಉಳಿಸಿಯೇ ತೀರುತ್ತೇನೆಂದು ಶಪಥ ಮಾಡಿ ಹೊಸ ಆಯಿಲ್ ಫಿಲ್ಟರ್ ತಂದೆ.

ಮರುದಿನ ಮಧ್ಯಾಹ್ನ ಅವಳು ಟೈಲರ್ ಅಂಗಡಿಗೆ ಹೋದ ಕೂಡಲೇ ಚಕ್ರಗಳಿಗೆ ಇಟ್ಟಿಗೆ ಕೊಟ್ಟು ಗಾಡಿಯಡಿಗೆ ನುಸುಳಿದೆ. ಹೊರಗೆ ಸುಡುಬಿಸಿಲು, ಅಡಿಯಲ್ಲಿ ಮಾತ್ರ ತಣ್ಣಗೆ ಕತ್ತಲೆ. ಸ್ವಲ್ಪ ಮೊದಲು ಓಡಿಸಿದ್ದ ಎಂಜಿನ್ ಆರುತ್ತಾ ಟಿಕ್, ಟಿಕ್ ಅನ್ನುತ್ತಿತ್ತು. ನಾನು ಉಸಿರು ಹಿಡಿದರೆ ಅದೂ ಸುಮ್ಮನಾದಂತೆ ಅನಿಸುತ್ತಿತ್ತು.

ಟಾರ್ಚು ಹಿಡಿದು ಹಳೆಯ ಫಿಲ್ಟರನ್ನು ಬಟ್ಟೆಯಿಂದ ಒರೆಸಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ತಾರೀಖು. ಹಾಕಿದ ದಿನವನ್ನು ಫಿಲ್ಟರಿನ ಮೇಲೆ ಬರೆಯುವುದು ಮಾವನವರ ಪದ್ಧತಿ. ಏಳರ ಅಂಕಿಗೆ ನಡುವೆ ಅಡ್ಡಗೆರೆ, ಅವರದೇ ಅಕ್ಷರ. ಸರಿ, ಪಾಪ, ಅಂದುಕೊಂಡೆ. ಆಮೇಲೆ ತಾರೀಖು ಓದಿದೆ.

ನಾಲ್ಕು ತಿಂಗಳ ಹಿಂದಿನದು.

ಬೆರಳು ಮಡಚಿ ಎಣಿಸಿದೆ, ಇನ್ನೊಂದು ಕೈಯಲ್ಲೂ ಎಣಿಸಿದೆ. ಮಾವ ಸತ್ತಿದ್ದು ಖಚಿತ, ಹೆಗಲು ಕೊಟ್ಟವನು ನಾನೇ. ಬೇಗ ಮುಗಿಸಿ ಓಡಿಹೋಗಬೇಕೆಂದು ಫಿಲ್ಟರಿಗೆ ದೊಡ್ಡ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಮೊದಲು ಹಳೆಯ ಆಯಿಲ್ ಇಳಿಸಬೇಕೆಂಬುದು ಮರೆತೇಹೋಗಿತ್ತು. (ಗೊತ್ತಿದ್ದರಲ್ಲವೇ ಮರೆಯುವುದು, ಅಂತ ನೀವು ಕೇಳಬಹುದು.)

ಅಷ್ಟರಲ್ಲಿ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ಯಾರೋ ಕಾಲೆಳೆಯುತ್ತಾ ಬಂದರು. ಚರ್ರ್... ಟಪ್. ಚರ್ರ್... ಟಪ್. ಮಾವನ ನಡಿಗೆಯೇ ಹಾಗಿತ್ತು. ನನ್ನ ಕಿವಿಯ ಪಕ್ಕಕ್ಕೇ ಬಂದು ಎರಡು ಚಪ್ಪಲಿಗಳು ನಿಂತವು. ಟೈರಿನ ಅಟ್ಟೆಯ, ಮಾವನವರ ಚಪ್ಪಲಿಗಳು. ಮುಚ್ಚಿದ ಪೆಟ್ಟಿಗೆಯೊಳಗಿಂದ ಬಂದಂಥ ದನಿಯೊಂದು ಹೇಳಿತು: "ಸ್ಪ್ಯಾನರ್ ಬೇಡ. ಕೈ ಸಾಕು."

ನಾನು ಕಣ್ಣು ಮುಚ್ಚಿಬಿಟ್ಟೆ. "ತಪ್ಪಾಯ್ತು ಮಾವ. ನಾನು ಒಂದು ಸಲಾನೂ ಆಯಿಲ್ ಬದಲಾಯಿಸಿಲ್ಲ. ಊರೆಲ್ಲಾ ಸುಳ್ಳು ಹೇಳ್ಕೊಂಡು ಬಂದೆ. ನನ್ನನ್ನ ಏನಾದ್ರೂ ಮಾಡಿ, ಗಾಡಿ ಮಾತ್ರ ನಿಮ್ಮ ಮಗಳ ಹತ್ರಾನೇ ಇರಲಿ. ಅವಳು ತಡ್ಕೊಳ್ಳಲ್ಲ."

ಮುಖದ ಮೇಲೆ ಬೆಚ್ಚಗೆ ಏನೋ ಇಳಿಯತೊಡಗಿತು. ರಕ್ತವೆಂದೇ ನಂಬಿದೆ.

"ಎದ್ದು ಬನ್ನಿ ರೀ. ಆಯಿಲ್ಲೆಲ್ಲಾ ತಲೆ ಮೇಲೆ ಸುರೀತಿದೆ."

ತೆವಳಿ ಹೊರಬಂದು ನೋಡಿದರೆ ನನ್ನವಳು. ಮೂಗು ಬಾಯಿಗೆ ದುಪಟ್ಟಾ ಬಿಗಿದಿದ್ದಾಳೆ, ಕಾಲಿಗೆ ಎರಡು ಸೈಜು ದೊಡ್ಡದಾದ ಅಪ್ಪನ ಚಪ್ಪಲಿ ಸಿಕ್ಕಿಸಿದ್ದಾಳೆ, ಕೈಯಲ್ಲಿ ಇನ್ನೊಂದು ಹೊಸ ಫಿಲ್ಟರು. ಟೈಲರ್ ಅಂಗಡಿ ಬರೀ ನೆಪವಂತೆ. ಈ ಕೆಲಸವನ್ನೂ ಅಕ್ಷರವನ್ನೂ ಚಿಕ್ಕಂದಿನಲ್ಲೇ ಅಪ್ಪ ಕಲಿಸಿದ್ದರಂತೆ. ನಾಲ್ಕು ತಿಂಗಳಿಗೊಮ್ಮೆ ನಾನಿಲ್ಲದಾಗ ಎಲ್ಲ ಮುಗಿಸಿಬಿಡುತ್ತಿದ್ದಳಂತೆ. ನನಗೇಕೆ ಹೇಳಲಿಲ್ಲ ಅಂದೆ.

"ನಿಮ್ಮ ಕೈಗುಣ ಅಂತ ಅಷ್ಟು ಖುಷಿಯಾಗಿ ಹೇಳ್ಕೊಂಡು ತಿರುಗ್ತಿದ್ರಿ. ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ನಾಚಿಕೆಯಾಯಿತು, ಅವಳ ಮೇಲೆ ತುಂಬ ಪ್ರೀತಿಯೂ ಬಂತು. ಸಂಜೆಯೊಳಗೆ ಅವಳು ಅಷ್ಟನ್ನೂ ಸರಿಮಾಡಿದಳು. ನಾನು ಟಾರ್ಚು ಹಿಡಿದು ನಿಂತಿದ್ದೆ.

ಮಾರನೆಯ ಬೆಳಿಗ್ಗೆ ಭಾವಮೈದ ತನ್ನ ಜೀಪಿನಲ್ಲಿ ಬಂದ. ಪಿಕಪ್ಪಿನ ಕಡ್ಡಿ ಎಳೆದ, ಅಡಿಗೆ ಬಗ್ಗಿದ, ಒಂದು ತೊಟ್ಟೂ ಸೋರಿಲ್ಲದ್ದು ಕಂಡು ಬೆರಗಾದ. ಯಾರು ಮಾಡಿದ್ದು ಎಂದು ಕೇಳಿದ. ನಿಜ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು "ನಿನ್ನ ಭಾವಾನೇ" ಅಂದುಬಿಟ್ಟಳು. ಆಗಲಾದರೂ ನಾನಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಎದೆಯುಬ್ಬಿಸಿ, ಸ್ಪ್ಯಾನರ್ ಬಳಸುವವರು ಕಸುಬು ಗೊತ್ತಿಲ್ಲದವರು ಎಂದು ಒಂದು ಪುಟ್ಟ ಭಾಷಣವನ್ನೇ ಬಿಗಿದೆ.

"ಹಾಗಾದ್ರೆ ಗಾಡಿ ಇಲ್ಲೇ ಇರಲಿ ಭಾವ" ಎಂದು ಅವನು ಕೈಕುಲುಕಿದ. ಆಮೇಲೆ ತನ್ನ ಜೀಪಿನಿಂದ ಒಂದು ಹೊಸ ಫಿಲ್ಟರ್ ತಂದು ನನ್ನ ಕೈಗಿಟ್ಟ. ಜೀಪಿನ ಹಳೆಯ ಫಿಲ್ಟರನ್ನು ಬಿಚ್ಚಲು ಮೂರು ಮೆಕ್ಯಾನಿಕ್‌ಗಳಿಗೂ ಆಗಿಲ್ಲವಂತೆ, ನಾನೇ ಬದಲಾಯಿಸಿ ಕೊಡಬೇಕಂತೆ.

ಈಗ ಒಂದು ಗಂಟೆಯಿಂದ ಆ ಜೀಪಿನಡಿ ಮಲಗಿದ್ದೇನೆ. ಹೆಂಡತಿಯನ್ನು ಸಣ್ಣ ದನಿಯಲ್ಲಿ ಎರಡು ಸಲ ಕರೆದೆ. ಅವಳು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ತಮ್ಮನಿಗೆ ಹೇಳುವುದು ಕೇಳಿಸುತ್ತಿದೆ: "ನೀನು ಹತ್ರ ಹೋಗ್ಬೇಡ ಕಣೋ. ಪಕ್ಕದಲ್ಲಿ ಯಾರಾದ್ರೂ ಇದ್ರೆ ನಿನ್ನ ಭಾವಂಗೆ ಕೈ ಓಡೋದೇ ಇಲ್ಲ."