ಅರಳದ ಮಂಡಕ್ಕಿಯೂ ಸೊಸೆಯ ಥಿಯರಿಯೂ

೧೯೮೯ರಲ್ಲಿ, ಏಳನೇ ಕ್ಲಾಸಿನ ನಟ್ಟನಡುವೆ, ನಾನು ಓದು ನಿಲ್ಲಿಸಿದೆ. ಮೇಷ್ಟರೇ ಬಿಡಿಸಿದರು ಅನ್ನುವವರು ಊರಲ್ಲಿದ್ದಾರೆ. ನಂಬಬೇಡಿ, ಬಿಟ್ಟವನು ನಾನೇ. ಅಂದಿನಿಂದ ಹರಪನಹಳ್ಳಿಯಲ್ಲಿ ಮಂಡಕ್ಕಿ ಭಟ್ಟಿಯ ಮುಂದೆ ಕೂತವನು, ಓದಿದವರು ಏನು ಹೇಳಿದರೂ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ: "ಅದೆಲ್ಲ ಥಿಯರಿ ಬಿಡ್ರಿ." ಬಿಪಿ ಗುಳಿಗೆ ಬರೆದ ಡಾಕ್ಟರಿಗೂ ಹೀಗೇ ಅಂದಿದ್ದೆ. ಅವರು ಗುಳಿಗೆ ಎರಡು ಮಾಡಿದರು.

ಈ ಬೇಸಿಗೆಯಲ್ಲಿ ನನ್ನ ಮಂಡಕ್ಕಿ ಅರಳುವುದನ್ನೇ ನಿಲ್ಲಿಸಿತು. ಬಾಂಡ್ಲಿಯಲ್ಲಿ ಕಾದ ಉಸುಗಿಗೆ, ಅಂದರೆ ಮರಳಿಗೆ, ಅಕ್ಕಿ ಸುರಿದರೆ ಮಲ್ಲಿಗೆಯಂತೆ ಏಳಬೇಕಾದದ್ದು ಎಲೆಯಡಿಕೆ ತಿಂದ ಹಲ್ಲಿನಂತೆ ಕೆಂಪಗೆ, ಗಟ್ಟಿಯಾಗಿ ಕೂತಿತು. ಕೊಟ್ಟೂರಿನಲ್ಲಿ ಮಿರ್ಚಿ ಅಂಗಡಿ ಇಟ್ಟಿರುವ ಬಸಣ್ಣ, ಇಪ್ಪತ್ತು ವರ್ಷದ ಗಿರಾಕಿ, ಫೋನು ಮಾಡಿದ: "ಲೇ, ಇದು ಮಂಡಕ್ಕಿನೋ ಜಲ್ಲಿಕಲ್ಲೋ? ಮಂದಿ ಹಲ್ಲು ಹೋದ್ರ ನೀನ ಕಟ್ಟಿಸಿಕೊಡ್ತಿಯೇನು? ಸೋಮವಾರ ಸರಿ ಮಾಲು ಬರಲಿಲ್ಲಂದ್ರ ಬ್ಯಾರೆ ಭಟ್ಟಿ ನೋಡ್ಕೊಂತೀನಿ."

ಉಸುಗು ಬದಲಿಸಿದೆ. ಸೌದೆ ಬದಲಿಸಿದೆ. ಕೊನೆಗೆ ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಭಟ್ಟಿಗೆ ಎಸೆದೆ. ಓಣಿಯೆಲ್ಲ ಕೆಮ್ಮಿತು, ಅಕ್ಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆ ಶೈಲಾ ಮೂಗಿಗೆ ಸೆರಗು ಹಿಡಿದುಕೊಂಡೇ ಬಂದಳು. "ಮಾವಾರ, ಅಕ್ಕಿಯೊಳಗಿನ ತೇವ ಆವಿಯಾಗಿ ಒದ್ದರನ ಅದು ಅರಳೋದು. ನಿಮ್ಮ ಹೊಸ ಸಿಮೆಂಟ್ ಕಣದಾಗ ಅಕ್ಕಿ ಅತೀ ಒಣಗೈತಿ."

ಆ ಕಣವನ್ನು ಬಿಸಿಲಲ್ಲಿ ನಿಂತು ಹಾಕಿಸಿದವನು ನಾನು. ಬಂದವರಿಗೆಲ್ಲ ತೋರಿಸಿದ್ದೆ. "ಅದು ನಿನ್ನ ಥಿಯರಿ ಅವ್ವ" ಅಂದೆ.

"ಬರೇ ಊಹೆಗೆ ಥಿಯರಿ ಅನ್ನಬ್ಯಾಡ್ರಿ. ವಿಜ್ಞಾನದಾಗ ಥಿಯರಿ ಅನ್ನಿಸ್ಕೋಬೇಕಂದ್ರ, ಬಾಳ ಮಂದಿ ಅದನ್ನ ಸುಳ್ಳು ಮಾಡಾಕ ಹೋಗಿ ಸೋತಿರಬೇಕು. ಒಂದಲ್ಲ, ಹತ್ತು ಸಂಗತಿಗೆ ಅದ ಉತ್ತರ ಕೊಡಬೇಕು. ನುಚ್ಚು ಯಾಕ ಅರಳಂಗಿಲ್ಲ? ಒಡೆದಲ್ಲಿಂದ ಆವಿ ಸೋರತೈತಿ. ಜೋಳ ಯಾಕ ಸಿಡಿದು ಅರಳಾಗತೈತಿ? ಅಲ್ಲೂ ಅದ ಆವಿ. ಈಗ ಅರ್ಧ ಅಕ್ಕಿಗೆ ಒಂಚೂರು ಉಪ್ಪುನೀರು ಚಿಮುಕಿಸಿ ಮುಚ್ಚಿಡ್ರಿ. ಅರಳಲಿಲ್ಲಂದ್ರ ಕಣದ ಮಾತು ನಂದು ತಪ್ಪು. ನಿಮ್ಮ ದೃಷ್ಟಿ ಮಾತು ತಪ್ಪಂತ ಹೆಂಗ ಗೊತ್ತಾಗತೈತಿ ಹೇಳ್ರಿ?"

ಯೋಚಿಸಿದೆ. ಅರಳಿದರೆ ದೃಷ್ಟಿ ಹೋಯಿತು. ಅರಳದಿದ್ದರೆ ದೃಷ್ಟಿ ಇನ್ನೂ ಇದೆ. ತಪ್ಪಾಗುವ ದಾರಿಯೇ ಇಲ್ಲ! ಎಂಥ ಭದ್ರವಾದ ಮಾತು ನನ್ನದು ಎಂದು ಮೊದಲು ಖುಷಿಯಾಯಿತು. ಅದರಿಂದ ಒಂದು ಕಾಳೂ ಅರಳುವುದಿಲ್ಲವಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಅರ್ಧ ಅಕ್ಕಿಯನ್ನು ಅವಳು ಹೇಳಿದಂತೆ ಗೋಣಿ ಮುಚ್ಚಿ ಇಟ್ಟೆ. ಸಂಜೆ ಮೊದಲು ಒಣ ಅಕ್ಕಿ ಹಾಕಿದೆ. ಮತ್ತೆ ಮುಖ ಕೆಂಪು ಮಾಡಿಕೊಂಡಿತು. ತೇವದ ಅಕ್ಕಿ ಹಾಕಿದ್ದೇ ತಡ, ಪಟಪಟ ಎದ್ದು ಬಾಂಡ್ಲಿಯ ಅಂಚು ದಾಟಿ ಕಾಲ ಮೇಲೆ ಚೆಲ್ಲಿತು. ಸುಟ್ಟಿದ್ದೂ ಹಿತವಾಗಿತ್ತು. ಎಂಟು ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು. ಸೋಮವಾರ ಮಾಲು ಮುಟ್ಟಿದ ಮೇಲೆ ಬಸಣ್ಣ ಬೈಯಲಿಲ್ಲ. ಅವನ ಮಟ್ಟಿಗೆ ಅದೇ ಸನ್ಮಾನ.

ಈಗ ನನ್ನಲ್ಲಿ ಒಂದು ಭಟ್ಟಿ, ಎರಡು ಬಾಂಡ್ಲಿ, ಬಿಟ್ಟುಹೋಗದ ಒಬ್ಬ ಗಿರಾಕಿ, ಒಬ್ಬ ಸೊಸೆ, ಒಂದು ಥಿಯರಿ ಇವೆ. ಊಹೆಗಳು ಹದಿನಾಲ್ಕು. ಅವನ್ನಿನ್ನೂ ಸೊಸೆಗೆ ತೋರಿಸಿಲ್ಲ.