ನಲವತ್ತೊಂದನೇ ಮೊಳೆ

ನಮ್ಮ ಗೋಡೆಗೆ ಹೊಡೆದ ಮೊಳೆ ಪಕ್ಕದ ಮನೆಯಲ್ಲಿ ತಲೆ ಎತ್ತಿದರೆ ತಪ್ಪು ಮೊಳೆಯದೋ, ಗೋಡೆಯದೋ? ಭಾನುವಾರ ಬೆಳಿಗ್ಗೆ ಏಳೂವರೆಗೆ ಮೈಸೂರಿನ ದಟ್ಟಗಳ್ಳಿಯ ಆ ಜೋಡಿಮನೆಯಲ್ಲಿ ಇದೇ ಜಗಳ. ಕಂಟ್ರ್ಯಾಕ್ಟರು ಎರಡು ಮನೆಗೂ ಸೇರಿ ಒಂದೇ ಗೋಡೆ ಎಬ್ಬಿಸಿ, ಅದನ್ನೂ ಹಪ್ಪಳದ ಹಾಗೆ ತೆಳ್ಳಗೆ ಲಟ್ಟಿಸಿದ್ದ. ಸಿದ್ದಲಿಂಗಸ್ವಾಮಿಯವರು ಹೊಡೆದ ಆರಿಂಚಿನ ಮೊಳೆ, ಪಕ್ಕದ ಮನೆಯ ನಾಗಾರ್ಜುನನ ಹಾಲಿನಲ್ಲಿ, ಗಡಿಯಾರದ ಮಗ್ಗುಲಿಗೆ, ಕರೆಯದೆ ಬಂದ ನೆಂಟನಂತೆ ಮೂತಿ ಚಾಚಿತ್ತು.

"ನಲವತ್ತು ಮೊಳೆ ಸಹಿಸ್ಕೊಂಡೆ ಸಾರ್. ನಲವತ್ತೊಂದನೇದು ಸೀದಾ ನನ್ನ ಮಾತಾಡ್ಸೋಕೇ ಬಂದ್ಬುಟ್ಟಿದೆ. ಕಿತ್ತಾಕಿ!"

ಆ ನಲವತ್ತರಲ್ಲಿ ಒಂದೊಂದು ಮೊಳೆಗೂ ಒಂದೊಂದು ಹಳೇ ಅಡಕತ್ತರಿ ತೂಗುತ್ತಿತ್ತು. ಕುದುರೆಯದು, ಗಿಣಿಯದು, ಕೈಮುಗಿದ ಹೆಂಗಸಿನದು. ಸಿದ್ದಲಿಂಗಸ್ವಾಮಿಯವರು ಸ್ವತಃ ಎಲೆ ಅಡಿಕೆ ಮುಟ್ಟಿದವರಲ್ಲ. "ತಲೆ ಬೋಳು, ಬಾಚಣಿಗೆ ಡಜನ್ನು" ಎಂದು ಅವರ ಹೆಂಡತಿ ಪ್ರೇಮಲೀಲಾ ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಇಲವಾಲದ ಪುಟ್ಟಮಾದಯ್ಯನ ಗುಜರಿ ಅಂಗಡಿಗೆ ಹಿತ್ತಾಳೆಯ ನವಿಲಿನ ಅಡಕತ್ತರಿ ಬಂದಿದೆಯೆಂದು ಸುದ್ದಿ. ಅದಕ್ಕೇ ಮುಂಗಡವಾಗಿ ಮೊಳೆ.

"ನೋಡಪ್ಪ ನಾಗಾರ್ಜುನ, ಸಂಜೆ ಒಳಗೆ ಈ ಮೊಳೆಗೆ ನವಿಲು ಬಿದ್ದಿರುತ್ತೆ. ಬೀಳ್ದೇ ಹೋದ್ರೆ ಇದೊಂದೇ ಅಲ್ಲ, ನಲವತ್ತೊಂದೂ ಕೀಳ್ತೀನಿ!"

"ಮಾತು ಮಾತೇ ಸಾರ್. ಆದ್ರೂ ಯಾಕೆ ಬಸ್ಸಲ್ಲಿ ಜೋತಾಡ್ತೀರಿ? ನಮ್ಮನೇಗೆ ಬ್ರಾಡ್‌ಬ್ಯಾಂಡ್ ಬಂದು ತಿಂಗಳಾಯ್ತು. ಕೂತಲ್ಲೇ ಕೊಂಡ್ಕೋಬಹುದು."

"ಕಂಪ್ಯೂಟರಲ್ಲಿ ಅಡಿಕೆ ಕತ್ತರಿಸಿ ನೋಡೋಕಾಗುತ್ತೇನಯ್ಯ?" ಎಂದು ಜೇಬಿನಲ್ಲಿದ್ದ ಪರೀಕ್ಷೆಯ ಬಟ್ಟಲಡಿಕೆ ತಟ್ಟಿಕೊಂಡು ಹೊರಟರು.

ನವಿಲು ನಿಜಕ್ಕೂ ನವಿಲೇ. ಅಡಿಕೆ ಇಟ್ಟು ಒತ್ತಿದರೆ ಬೆಣ್ಣೆಯಂತೆ ಎರಡಾಯಿತು. ಎದೆ ಡವಗುಟ್ಟಿದರೂ ಮುಖವನ್ನು ಮಾತ್ರ ಹಾಗಲಕಾಯಿ ತಿಂದವರಂತೆ ಮಾಡಿಕೊಂಡರು.

"ಎಷ್ಟಯ್ಯ?"

"ನಾನೂರು ಕೊಡಿ ಸ್ವಾಮಿ."

"ನೂರು."

"ಇದೆಂಗೆ ಸ್ವಾಮಿ? ಬರೀ ತೂಕಕ್ಕಾಕುದ್ರೂ ಗಿಟ್ಟಾಕಿಲ್ಲ."

"ಹಾಗಾದ್ರೆ ಬೇಡ ಬಿಡು."

ಚೌಕಾಸಿಯಲ್ಲಿ ಅವರದೊಂದು ಶಾಸ್ತ್ರವಿತ್ತು. ಬೇಡವೆಂದು ಹೊರಡಬೇಕು, ತಿರುಗಿ ನೋಡಕೂಡದು. ಹನ್ನೆರಡು ಹೆಜ್ಜೆಯೊಳಗೆ "ಬನ್ನಿ ಸ್ವಾಮಿ, ತಗೊಂಡೋಗಿ" ಎಂಬ ಕೂಗು ಬಂದೇ ಬರುತ್ತದೆ. ಹೊರಟರು. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರಕ್ಕೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ಇಪ್ಪತ್ತಕ್ಕೆ ಕೆಮ್ಮಿದರು. ಬಸ್‌ಸ್ಟಾಪೇ ಬಂದುಬಿಟ್ಟಿತು, ಬಸ್ಸೂ ಬಂತು. "ಹತ್ರೀ ಯಜಮಾನ್ರೇ, ಮುಹೂರ್ತ ನೋಡ್ತಿದ್ದೀರಾ?" ಎಂದ ಕಂಡಕ್ಟರು. ಮರ್ಯಾದೆ ಪ್ರಶ್ನೆ, ಹತ್ತಿದರು. ಮುಂದಿನ ಸ್ಟಾಪಿನಲ್ಲಿ ಇಳಿದು ಏದುಸಿರು ಬಿಡುತ್ತ ಓಡಿಬಂದರು.

"ಆಗೋಯ್ತಲ್ಲ ಸ್ವಾಮಿ! ನಿಮ್ಮುನ್ನ ಕರಿಯಕೆ ಬಾಯಿ ತಗದೆ. ಅಷ್ಟರಲ್ಲಿ ಯಾರೋ ಅಮ್ಮಾವ್ರು ಬಂದು, ಕೇಳ್ದಷ್ಟು ಕೊಟ್ಟು ತಕ್ಕೊಂಡೋಗ್ಬುಟ್ರು."

ಮನೆಗೆ ಬಂದಾಗ ಪ್ರೇಮಲೀಲಾ ಎಲ್ಲಿಂದಲೋ ಆಗತಾನೇ ಬಂದವರಂತೆ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದರು. ಊಟಕ್ಕೆ ಬಡಿಸುತ್ತ, "ಸಿಕ್ತೇನ್ರೀ ನವಿಲು?" ಎಂದರು.

ಸೋತೆನೆಂದು ಹೇಳಲು ಬಾಯಿ ಬರಲಿಲ್ಲ. "ಥೂ, ಅದೂ ಒಂದು ನವಿಲಾ? ಕೋಳಿ ಕಣೇ! ಹಿತ್ತಾಳೆನೂ ಅಲ್ಲ, ತಗಡು. ಅದಕ್ಕೆ ನಾನೂರು ಕೊಟ್ಟು ಕೊಂಡವರು ಶುದ್ಧ ಮುಠ್ಠಾಳರು!"

ಪ್ರೇಮಲೀಲಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದುಹೋದರು. ಎಂದಿನಂತೆ ಇವರು ಗಮನಿಸಲಿಲ್ಲ.

ನಾಲ್ಕು ಗಂಟೆಗೆ ನಾಗಾರ್ಜುನ ಗೋಡೆಯಾಚೆಯಿಂದಲೇ ಕೂಗಿದ. "ಸಾರ್, ಓಡ್ಬನ್ನಿ! ನವಿಲು ಕಂಪ್ಯೂಟರಿಗೆ ಬಂದಿದೆ!"

ಹೋಗಿ ನೋಡಿದರೆ ಪರದೆಯ ಮೇಲೆ ಅದೇ ನವಿಲು, ಅದೇ ಕೊಕ್ಕು. ಮಾರುವವರ ಹೆಸರಿಲ್ಲ, ಊರು ಮೈಸೂರು, ಬೆಲೆ ಸಾವಿರದೈನೂರು.

"ಐನೂರು ಅಂತ ಬರಿ" ಎಂದರು. ನಾಗಾರ್ಜುನ ಬರೆದು ಕಳಿಸಿದ. ಸಿದ್ದಲಿಂಗಸ್ವಾಮಿಯವರು ತಟ್ಟನೆ ಎದ್ದು, ಚಪ್ಪಲಿ ಮೆಟ್ಟಿ, ಗೇಟು ದಾಟಿ ಬೀದಿಗಿಳಿದರು.

"ಸಾರ್, ಎಲ್ಲಿಗೆ?"

"ಸುಮ್ನಿರಯ್ಯ. ಈಗ ಕರೀತಾರೆ!"

"ಯಾರು ಸಾರ್, ಕಂಪ್ಯೂಟರಾ?"

ಒಳಗೆ ನಾಗಾರ್ಜುನನ ಹೆಂಡತಿ ದಿವ್ಯಾಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿಕೊಂಡಿತು. ಬೀದಿಯ ಕೊನೆಯ ಲೈಟುಕಂಬದವರೆಗೆ ಹೋಗಿ ಇವರು ಪೆಚ್ಚಾಗಿ ಮರಳಿದಾಗ ಅವಳೇ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಅಂಕಲ್, ಉತ್ತರ ಬಂತು. ಒಂದು ಪೈಸೆ ಕಮ್ಮಿ ಇಲ್ವಂತೆ. ಬೇಕಿದ್ರೆ ಆರು ಗಂಟೆಗೆ ಪಾರ್ಕಿನ ಗೇಟಿಗೆ ಬರಬೇಕಂತೆ. ಗುರುತಿಗೆ ಕೈಯಲ್ಲಿ ಕೊಡೆ."

ನಲವತ್ತು ಅಡಕತ್ತರಿಯ ಮಾನದ ಪ್ರಶ್ನೆ. ಸಾವಿರದೈನೂರನ್ನು ಜೇಬಿಗಿಳಿಸಿ, ಮೋಡವಿಲ್ಲದ ಆಕಾಶದ ಕೆಳಗೆ ಕೊಡೆ ಹಿಡಿದು ನಿಂತರು. ಆರು ಗಂಟೆಗೆ ಸರಿಯಾಗಿ ಬಂದದ್ದು ಪ್ರೇಮಲೀಲಾ, ಕೈಯಲ್ಲೊಂದು ಬಟ್ಟೆಚೀಲ.

"ನೀನ್ಯಾಕೆ ಇಲ್ಲಿ?"

"ವಾಕಿಂಗು. ನೀವು?"

"ನಾನೂ ವಾಕಿಂಗೇ."

"ವಾಕಿಂಗಿಗೆ ಕೊಡೆ ಯಾಕ್ರೀ?" ಎಂದವರು ಕೊಡೆಯನ್ನು ನೋಡಿದರು, ಗಂಡನನ್ನು ನೋಡಿದರು. "ಅಯ್ಯೋ ಶಿವನೇ! ಆ ಮುಠ್ಠಾಳ ನೀವೇನಾ?"

ಚೀಲದೊಳಗಿಂದ ನವಿಲು ಕತ್ತು ಹೊರಹಾಕಿತ್ತು.

"ನಾಳೆ ನಿಮಗೆ ಐವತ್ತು ತುಂಬುತ್ತೆ ಅಂತ, ನಿಮ್ಮ ಹಿಂದಿನ ಬಸ್ಸಲ್ಲೇ ಬಂದು ತಗೊಂಡೆ. ಚೌಕಾಸಿ ಮಾಡಿ ಕಳ್ಕೋತೀರಿ ಅಂತ ಗೊತ್ತಿತ್ತು. ನೀವೊಂದು ಸಲ ತಿರುಗಿ ನೋಡಿದ್ರೆ ನಾನಲ್ಲೇ ಸಿಕ್ಕಿಬೀಳ್ತಿದ್ದೆ. ಊಟಕ್ಕೆ ಕೂತು ಕೋಳಿ ಅಂದ್ರಿ, ತಗಡು ಅಂದ್ರಿ, ನನ್ನನ್ನೇ ಮುಠ್ಠಾಳಿ ಮಾಡಿದ್ರಿ. ಮಾರಿಬಿಡು ಅಂತ ದಿವ್ಯಾ ಕೈಗೆ ಕೊಟ್ಟೆ. ಕೊಡೆ ಹಿಡಿದ ಗಿರಾಕಿ ಬರ್ತಾನೆ ಅಂತ ಅವಳೇ ಚೀಲ ಕೊಟ್ಟು ಕಳಿಸಿದ್ಲು."

"ಬಿಡೇ ಪ್ರೇಮಾ, ಆದದ್ದಾಯ್ತು. ಈಗ ಕೊಡು."

"ಸಾವಿರದೈನೂರು."

"ಕಟ್ಕೊಂಡ ಗಂಡನಿಗೇ ವ್ಯಾಪಾರವಾ? ನೂರು. ಇಲ್ದಿದ್ರೆ ಬೇಡ ಬಿಡು!"

ಅಭ್ಯಾಸಬಲ. ಹೇಳಿ ಮುಗಿಯುವ ಮುಂಚೆಯೇ ಕಾಲು ಹೊರಟುಬಿಟ್ಟಿತ್ತು. ಒಂಬತ್ತು, ಹತ್ತು, ಹನ್ನೊಂದು.

"ರೀ! ನಿಂತ್ಕೊಳ್ಳಿ!"

ಶಾಸ್ತ್ರ ಸುಳ್ಳಾಗಲಿಲ್ಲ! ಮೀಸೆ ತಿರುವುತ್ತ, ಮೆಲ್ಲಗೆ, ದರ್ಬಾರಿನ ಠೀವಿಯಲ್ಲಿ ತಿರುಗಿದರು.

"ಬರ್ತಾ ಅರ್ಧ ಲೀಟರ್ ಮೊಸರು ತನ್ನಿ" ಎಂದು ಪ್ರೇಮಲೀಲಾ ಚೀಲ ಬೀಸಿಕೊಂಡು ಹೊರಟೇಹೋದರು.

ಮೊಸರಿನ ಪ್ಯಾಕೆಟ್ಟು ಹಿಡಿದು ಬರುವಷ್ಟರಲ್ಲಿ ನಾಗಾರ್ಜುನ ಗೇಟಿನಲ್ಲೇ ಕಾದಿದ್ದ. "ಬನ್ನಿ ಸಾರ್, ಪಂದ್ಯ ನೀವೇ ಗೆದ್ರಿ! ಸಂಜೆ ಒಳಗೆ ಮೊಳೆಗೆ ನವಿಲು ಬಿದ್ದಿದೆ. ಒಂದೂ ಕೀಳ್ಬೇಡಿ."

ಬಿದ್ದಿತ್ತು, ನಿಜ. ಆದರೆ ಮೊಳೆಯ ಮೂತಿಯ ಕಡೆ, ನಾಗಾರ್ಜುನನ ಹಾಲಿನ ಗಡಿಯಾರದ ಮಗ್ಗುಲಿಗೆ, ನವಿಲು ಗಂಭೀರವಾಗಿ ತೂಗುತ್ತಿತ್ತು.

"ಆಂಟಿ ಹೇಳಿದ ಬೆಲೆ ಕೊಟ್ಟು ತಗೊಂಡ್ವಿ. ಚೌಕಾಸಿ ಎಲ್ಲ ನಮಗೆ ಬರಲ್ಲ ಸಾರ್."

"ನನಗೆ ಕೊಡ್ತೀಯೇನಪ್ಪ? ಐನೂರು."

"ಎರಡು ಸಾವಿರ ಸಾರ್."

"ಹಾಗಾದ್ರೆ ಬೇಡ ಬಿಡು" ಎಂದು ಹೊರಟರು. ಹನ್ನೆರಡನೇ ಹೆಜ್ಜೆಗೆ ಅವರದೇ ಮನೆಯ ಬಾಗಿಲು ಬಂತು. ಯಾರೂ ಕರೆಯಲಿಲ್ಲ.

ಮೊಸರಿನ ಕವರನ್ನು ಎಲ್ಲಿಡಬೇಕೆಂದು ತೋಚದೆ ನಲವತ್ತೊಂದನೇ ಮೊಳೆಯ ತಲೆಗೆ ನೇತುಹಾಕಿದರು. ಗೋಡೆಯಾಚೆಯಿಂದ ದಿವ್ಯಾಳ ದನಿ ಬಂತು:

"ಅಂಕಲ್, ಮೆಲ್ಲಗೆ! ನಮ್ಮ ನವಿಲು ಅಲ್ಲಾಡ್ತಿದೆ!"