ಖಾನಾಪುರದ ತಬಲಾ, ಬೆಳಗಾವಿಯ ಹಾರ್ಮೋನಿಯಂ

ಖಾನಾಪುರದ ಭರಮಣ್ಣ ನನ್ನ ಹಳೆಯ ಗೆಳೆಯ. ಅವನದು ತಬಲಾ, ನನ್ನದು ಹಾರ್ಮೋನಿಯಂ. ಅವನ ಮಗಳು ಪದ್ಮಾಳ ಮದುವೆಗೆ ಬೀಗರನ್ನು ಸ್ವಾಗತಿಸುವ ಹಾಡು ಕಟ್ಟುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. "ಬಸ್ ಹತ್ತಿ ಹೋಗಿ ಕೂಡಿ ಕುಂತು ಮಾಡ್ರಿ, ಏನ್ ದೂರ ಐತಿ?" ಎಂದಳು ಹೆಂಡತಿ ಶಾರದಾ. ಇಂಟರ್ನೆಟ್ ಇರುವ ಕಾಲದಲ್ಲಿ ಹಾಡಿಗಾಗಿ ಬಸ್ ಹತ್ತುವುದು ಅನಾಗರಿಕರ ಲಕ್ಷಣವೆಂದು ಅವಳಿಗೆ ತಿಳಿಸಿ ಹೇಳಿದೆ.

ವಿಡಿಯೋ ಕಾಲ್ ಹಚ್ಚಿದೆವು. ಭರಮಣ್ಣನ ಹೆಂಡತಿ ಬರೆದ ಸಾಲುಗಳಿಗೆ ಇಬ್ಬರೂ ಕೂಡಿ ಅಲ್ಲೇ ಧಾಟಿ ಹುಡುಕಬೇಕು. ಅಷ್ಟರಲ್ಲಿ ಅವನು ಮೆಲ್ಲಗೆ ಹೇಳಿದ: ವರನ ಸೋದರತ್ತೆಯೂ ಕಾಲ್‌ನಲ್ಲಿ ಸೇರಿದ್ದಾರೆ, ಅವರು ಸಂಗೀತದ ಟೀಚರ್. ಪರದೆಯ ಮೂಲೆಯಲ್ಲಿ ಕನ್ನಡಕದ ಹೆಂಗಸೊಬ್ಬರು ನಗದೆ ಕುಳಿತಿದ್ದರು. ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

ಶುರು ಮಾಡಿದೆ. ತಬಲಾ ನನಗೆ ತಡವಾಗಿ ಕೇಳುತ್ತಿತ್ತು. ಪಾಪ, ಹಿಂದೆ ಬಿದ್ದಾನೆ ಎಂದು ನಿಧಾನ ಮಾಡಿದೆ. ಅವನಿಗೂ ನನ್ನ ಹಾರ್ಮೋನಿಯಂ ತಡವಾಗಿಯೇ ಕೇಳುತ್ತಿತ್ತಂತೆ. ಪಾಪ, ನನಗೆ ವಯಸ್ಸಾಯಿತೆಂದು ಅವನೂ ನಿಧಾನ ಮಾಡಿದ. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಹೋದೆವು. ಕುಣಿಯುತ್ತಾ ಹೊರಟ ಹಾಡು ನಡೆಯತೊಡಗಿತು, ಆಮೇಲೆ ತೆವಳಿತು. ನಿಲ್ಲಿಸೋಣವೆಂದರೆ ಸೋದರತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ನನ್ನಿಂದ ಸಂಬಂಧವೇ ಮುರಿದರೆ? ಬಾರಿಸುತ್ತಲೇ ಇದ್ದೆ.

ಬಾಗಿಲು ಸದ್ದಾಯಿತು. ಬಾಜು ಮನೆಯ ಕಾಕಾ ಹೆಗಲಿಗೆ ಟವೆಲ್ ಹಾಕಿಕೊಂಡು, ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದರು. "ಯಾರ ಹೋದ್ರವಾ?" ಎಂದು ಶಾರದಾಳನ್ನು ಕೇಳಿದರು.

ಅದು ಮಾತ್ರ ಖಾನಾಪುರಕ್ಕೆ ತಡವಿಲ್ಲದೆ ಮುಟ್ಟಿತು.

ಸೋದರತ್ತೆ ಕನ್ನಡಕ ತೆಗೆದರು. ಮುಗಿಯಿತು ಎಂದುಕೊಂಡೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಭಾಳ ಛಲೋ ಐತ್ರಿ. ಇದನ್ನ ಸ್ವಾಗತಕ್ಕ ಬ್ಯಾಡ, ಮಗಳನ್ನ ಗಂಡನ ಮನಿಗೆ ಕಳಸೂ ಹೊತ್ತಿಗೆ ಹಾಡ್ರಿ. ಎಲ್ಲಾರ ಕಣ್ಣಾಗ ನೀರ ಬರಬೇಕು."

ಮದುವೆಯವರೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕರುಣರಸ ಎಲ್ಲರಿಗೂ ಒಲಿಯುವಂಥದ್ದಲ್ಲವೆಂದು ಕಾಕಾಗೂ ವಿವರಿಸಿದೆ.

ಮದುವೆಯ ದಿನ, ಮಗಳನ್ನು ಕಳಿಸುವ ಹೊತ್ತಿಗೆ ಭರಮಣ್ಣನ ಪಕ್ಕದಲ್ಲೇ ಕುಳಿತೆ. ಪದ್ಮಾ ತಾಯಿಯನ್ನು ತಬ್ಬಿಕೊಂಡಳು. ನಾನು ಶುರು ಮಾಡಿದೆ. ತಬಲಾ ಕೂಡಲೇ ಕೇಳಿಸಿತು! ಕಾಯಲು ಏನೂ ಇರಲಿಲ್ಲ. ಸೋದರತ್ತೆ ಎದುರಿಗೇ ನಿಂತ ಗಾಬರಿಗೆ ನನ್ನ ಕೈ ಓಡಿತು, ಅದರ ಬೆನ್ನಿಗೆ ಭರಮಣ್ಣನ ಕೈಯೂ ಓಡಿತು. ವರನ ಗೆಳೆಯರು ಕುಣಿಯತೊಡಗಿದರು. ಪದ್ಮಾ ತಾಯಿಯನ್ನು ಬಿಟ್ಟು, ನಗುತ್ತಾ ಕಾರು ಹತ್ತಿದಳು.

ಇಡೀ ಮಂಟಪದಲ್ಲಿ ಅಳುವ ಮುಖ ನನ್ನದೊಂದೇ.